ಕಾರ್ಡು ನೋಡಿ ಬರೆದ ಸುದ್ದಿ

ಪ್ರತಿ ವರ್ಷ ಏಪ್ರಿಲ್ ತಿಂಗಳ ಮೊದಲ ಭಾನುವಾರ ಬೀರು ತೆಗೆದು ಹಳೆಯ ಕಡತಗಳಿಗೆ ಬಿಸಿಲು ತೋರಿಸುವುದು ನನ್ನ ಪದ್ಧತಿ. ಬೆಳಿಗ್ಗೆ ಏಳಕ್ಕೆ ಚಾಪೆ ಹಾಸುತ್ತೇನೆ, ಹನ್ನೊಂದಕ್ಕೆ ಕಾಗದ ಮಗುಚುತ್ತೇನೆ, ಎರಡಕ್ಕೆ ಒಳಗಿಡುತ್ತೇನೆ. ಈ ಸಲ ಎರಡು ಸಾವಿರದ ಐದನೆಯ ಇಸವಿಯ ಕಡತ ಬಿಚ್ಚಿದಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಕಾರ್ಬನ್ ಕಾಗದದ ಹಳೆಯ ವಾಸನೆ ಎದ್ದಿತು. ಫ್ಯಾಕ್ಸ್ ಯಂತ್ರದಿಂದ ಬಂದಿದ್ದ ಹಾಳೆಗಳೆಲ್ಲ ಅಕ್ಷರ ಕಳೆದುಕೊಂಡು ಬರಿದಾಗಿದ್ದವು. ಹುಬ್ಬಳ್ಳಿಯಿಂದ ಬಂದ ಸೂಚನೆ, ಬೈಗುಳ, ಅಪರೂಪದ ಮೆಚ್ಚುಗೆ ಒಂದೂ ಉಳಿದಿಲ್ಲ. ಉಳಿದದ್ದು ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಹಾಳೆ. ಬಲಕ್ಕೆ ವಾಲಿದ ಅಕ್ಷರ. ಮೂರನೆಯ ಹಾಳೆಯ ಒಂದು ಪ್ಯಾರಾದ ಮೇಲೆ ಕೆಂಪು ಶಾಯಿಯ ಅಡ್ಡಗೆರೆ. ಅಕ್ಷರ ನಸೀಮಾಳದು, ಗೆರೆ ನನ್ನದು.

ಆಗ ನಾನು ಹುಬ್ಬಳ್ಳಿಯಲ್ಲಿ ಅಚ್ಚಾಗುತ್ತಿದ್ದ ಒಂದು ದಿನಪತ್ರಿಕೆಗೆ ಹಾವೇರಿಯ ವರದಿಗಾರ. ನ್ಯಾಯಾಲಯದ ಹಿಂದಿನ ಓಣಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಎರಡು ಕೋಣೆಯ ಕಚೇರಿ. ಫೋನು ಒಂದು, ಫ್ಯಾಕ್ಸ್ ಒಂದು, ಮೇಜು ಎರಡು, ಮತ್ತು ಫೋಟೊ ತೆಗೆಯಲು ಬಸಣ್ಣ. ಬಸಣ್ಣನಿಗೆ ಸಂಬಳವಿರಲಿಲ್ಲ, ಅಚ್ಚಾದ ಚಿತ್ರಕ್ಕೆ ಇಷ್ಟು ಎಂದು ಸಿಗುತ್ತಿತ್ತು. ಹಾಗಾಗಿ ಅವನು ಎಲ್ಲ ಸಮಾರಂಭಗಳಲ್ಲೂ ದೀಪ ಹಚ್ಚುವ ಹೊತ್ತಿಗೆ ಹೋಗಿ, ದೀಪ ಹತ್ತಿದ ಕೂಡಲೇ ಮುಂದಿನ ಸಮಾರಂಭಕ್ಕೆ ಮೊಪೆಡ್ ತಿರುಗಿಸುತ್ತಿದ್ದ.

ನಾನು ಬೆಳೆದದ್ದು ಮಠದ ಪ್ರಸಾದ ನಿಲಯದಲ್ಲಿ. ಹತ್ತು ವರ್ಷ ಬೆಳಗಿನ ನಾಲ್ಕೂವರೆಯ ಗಂಟೆಗೆ ಎದ್ದು, ಏಳರ ಗಂಟೆಗೆ ಅಂಬಲಿ ಕುಡಿದು, ರಾತ್ರಿ ಒಂಬತ್ತರ ಗಂಟೆಗೆ ಮಲಗಿದವನು. ಗಂಟೆ ಬಾರಿಸಿದ ಮೇಲೆ ಪಂಕ್ತಿಗೆ ಬಂದವನಿಗೆ ಊಟವಿರಲಿಲ್ಲ. ಅತ್ತರೂ ಇಲ್ಲ, ಜ್ವರವಿದ್ದರೂ ಇಲ್ಲ. ಅದರಿಂದ ನನಗೆ ಒಳ್ಳೆಯದೇ ಆಯಿತೆಂದು ನಾನು ಬಹಳ ಕಾಲ ತಿಳಿದಿದ್ದೆ. ಕಚೇರಿಯಲ್ಲೂ ಅದೇ ಕ್ರಮ. ಹತ್ತಕ್ಕೆ ಬಾಗಿಲು ತೆಗೆಯುವುದು. ಹನ್ನೊಂದಕ್ಕೆ ಟಪಾಲು. ಸಮಾರಂಭದ ಆಮಂತ್ರಣ ಕಾರ್ಡುಗಳನ್ನು ತಾರೀಕಿನ ಪ್ರಕಾರ ಗೋಡೆಯ ಮೊಳೆಗೆ ಚುಚ್ಚುವುದು. ಮೂರಕ್ಕೆ ಬರೆಯಲು ಕೂರುವುದು. ನಾಲ್ಕೂವರೆಗೆ ಹುಬ್ಬಳ್ಳಿಗೆ ಫ್ಯಾಕ್ಸ್. ಐದೂಕಾಲಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಫೋಟೊಗಳ ಲಕೋಟೆ.

ಆದರೆ ನಮ್ಮ ಕಡೆ ಸಮಾರಂಭಗಳು ನಡೆಯುವುದು ಸಂಜೆ. ಐದಕ್ಕೆ ಎಂದು ಕಾರ್ಡಿನಲ್ಲಿದ್ದರೆ ಶುರುವಾಗುವುದು ಆರೂವರೆಗೆ. ನಾಲ್ಕೂವರೆಯ ಫ್ಯಾಕ್ಸಿಗೆ ಅದರ ಸುದ್ದಿ ಸೇರುವುದು ಹೇಗೆ? ಕಾರ್ಡು ನೋಡಿ ಬರೆಯುತ್ತಿದ್ದೆವು. ಉದ್ಘಾಟಕರು ಯಾರು, ಅಧ್ಯಕ್ಷತೆ ಯಾರದು, ಮುಖ್ಯ ಅತಿಥಿ ಯಾರು ಎಂಬುದೆಲ್ಲ ಕಾರ್ಡಿನಲ್ಲೇ ಇರುತ್ತಿತ್ತು. ‘ಉದ್ಘಾಟಿಸಿ ಮಾತನಾಡಿದರು’ ಎಂದು ಬರೆದು, ಅವರ ಬಾಯಲ್ಲಿ ಯಾರಿಗೂ ಬೇಸರವಾಗದ ಎರಡು ಮಾತು ಇಟ್ಟರೆ ಆಯಿತು. ಗ್ರಾಮೀಣ ಪ್ರತಿಭೆಗಳಿಗೆ ಪ್ರೋತ್ಸಾಹ ಬೇಕು. ಯುವಕರು ದುಶ್ಚಟಗಳಿಂದ ದೂರವಿರಬೇಕು. ನಾನೊಬ್ಬನೇ ಅಲ್ಲ, ಜಿಲ್ಲೆಯ ವರದಿಗಾರರು ಮುಕ್ಕಾಲು ಪಾಲು ಹೀಗೇ ಬರೆಯುತ್ತಿದ್ದರು. ಯಾರೂ ಆಕ್ಷೇಪಿಸುತ್ತಿರಲಿಲ್ಲ. ಮರುದಿನ ಭಾಷಣಕಾರರೇ ದಾರಿಯಲ್ಲಿ ಸಿಕ್ಕು, “ಏ ಭಾಳ ಚಲೋ ಬರದೀರಿ ಬಿಡ್ರಿ, ನಾ ಅಷ್ಟು ಚಲೋ ಮಾತಾಡಿರಲಿಲ್ಲ” ಎಂದು ಚಹಾ ಕುಡಿಸುತ್ತಿದ್ದರು.

ಮಾರ್ಚ್ ಮೊದಲ ವಾರ ನಸೀಮಾ ಬಂದಳು. ಬ್ಯಾಡಗಿಯವಳು, ಧಾರವಾಡದಲ್ಲಿ ಪತ್ರಿಕೋದ್ಯಮದ ಎಂ.ಎ. ಕೊನೆಯ ವರ್ಷ. ಎರಡು ಮೂರು ಕಡೆ ತರಬೇತಿ ಪಡೆದು ಪ್ರಮಾಣಪತ್ರ ತರಬೇಕೆಂದು ಅವರ ವಿಭಾಗದ ನಿಯಮ. ನಮ್ಮದು ಎರಡನೆಯದು. ಮೊದಲನೆಯದು ರಾಣೇಬೆನ್ನೂರಿನ ಒಂದು ಕೇಬಲ್ ವಾಹಿನಿಯಲ್ಲಿ, ಎರಡು ತಿಂಗಳು. ನೀಲಿ ಪರದೆಯ ಮುಂದೆ ಕೂರಿಸಿ, ಮುಖಕ್ಕೆ ಪೌಡರ್ ಬಳಿದು, ಸೀರೆ ಅಂಗಡಿಯ ಜಾಹೀರಾತು ಮತ್ತು ಹುಟ್ಟುಹಬ್ಬದ ಶುಭಾಶಯ ಓದಿಸುತ್ತಿದ್ದರಂತೆ.

“ಅಲ್ಲಿ ಏನು ಕಲಿತೆ?” ಎಂದು ಕೇಳಿದೆ.

“ಕ್ಯಾಮೆರಾ ಮುಂದ ನನಗ ಮಾತು ಬರೂದಿಲ್ಲ ಅಂತ ಕಲಿತೆ ಸರ.”

“ಮತ್ತ ಇಲ್ಲಿ?”

“ನೀವು ಹೇಳ್ರಿ ಸರ, ಕಲೀತೇನಿ.”

ಹತ್ತಕ್ಕೆ ಬರಬೇಕು, ಎಂದೆ. ಗೋಡೆಗೆ ಒಂದು ಹಾಜರಿ ಪುಸ್ತಕ ತೂಗುಹಾಕಿದೆ. ಬಸಣ್ಣ ನಕ್ಕ. “ತಂಗಿ, ಇದು ಸಾಲಿ ಅಲ್ಲ ಅಂತ ಬಂದಿದ್ರ ತಪ್ಪ ಜಾಗಕ್ಕ ಬಂದೀದಿ. ಇಲ್ಲಿ ಬೆತ್ತ ಒಂದ ಕಮ್ಮಿ.”

ಅದೇ ವಾರ ಅವಳ ತಂದೆಯೂ ಬಂದರು. ಮಾಬುಸಾಬ ಅಂತ ಹೆಸರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹರಿದ ಗೋಣಿಚೀಲಗಳಿಗೆ ತೇಪೆ ಹಾಕುವ ಕೆಲಸ. ಕೂತ ಕೂಡಲೇ ಎರಡು ಸಲ ಸೀನಿದರು. ಅಂಗಿಯ ಮಡಿಕೆಯಿಂದ ಎದ್ದ ಮೆಣಸಿನ ಘಾಟಿಗೆ ನಾನೂ ಸೀನಿದೆ. ಚಹಾ ಬೇಡವೆಂದರು. ಮಾತು ನೇರವಾಗಿತ್ತು.

“ಸಾಹೇಬ್ರ, ರಾಣೇಬೆನ್ನೂರಾಗ ಒಂದು ಖಾಸಗಿ ಸಾಲ್ಯಾಗ ಇಕಿಗೆ ಮಾಸ್ತರ್ಕಿ ಕೊಡ್ತೇವಿ ಅಂದಾರ. ಮೇ ಒಂದನೇ ತಾರೀಕಿನೊಳಗ ಹೂಂ ಅಥವಾ ಉಹೂಂ ಹೇಳಬೇಕು. ಇಕಿ ನೋಡಿದ್ರ ಪೇಪರ್ ಕೆಲಸಾನ ಮಾಡ್ತೇನಿ ಅಂತಾಳ. ನನಗ ಆ ಕೆಲಸ ಗೊತ್ತಿಲ್ಲ. ನಾ ಚೀಲ ನೋಡಿದ್ರ ಯಾವುದು ತಡೀತೈತಿ, ಯಾವುದು ಬಾಯಿ ಬಿಡ್ತೈತಿ ಅಂತ ಹೇಳ್ತೇನಿ. ನೀವು ಎರಡ ತಿಂಗಳ ಇಕಿನ್ನ ನೋಡ್ರಿ. ಆಗ್ತೈತಿ ಅಂದ್ರ ಬಿಡ್ತೇನಿ. ಆಗೂದಿಲ್ಲ ಅಂದ್ರ ಸಾಲಿಗೆ ಹಚ್ಚತೇನಿ. ನಿಮ್ಮ ಮಾತಿನ ಮ್ಯಾಲ ಐತಿ.”

ನಸೀಮಾ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಏಪ್ರಿಲ್ ಕೊನೆಯ ದಿನ ಹೇಳುತ್ತೇನೆ ಎಂದೆ. ಮಾಬುಸಾಬರು ಎದ್ದು ನಮಸ್ಕಾರ ಮಾಡಿ, ಒಂದು ಸಲ ಸೀನಿ, ಹೊರಟುಹೋದರು.

ಎರಡು ವಾರ ಕಳೆಯುವಷ್ಟರಲ್ಲಿ ನನ್ನ ಉತ್ತರ ಸಿದ್ಧವಾಗಿತ್ತು. ಈ ಹುಡುಗಿಗೆ ಇದು ಆಗುವ ಕೆಲಸವಲ್ಲ. ಹಾಜರಿ ಪುಸ್ತಕದಲ್ಲಿ ಹತ್ತು ಗಂಟೆಯೆಂಬುದು ಅವಳ ಹೆಸರಿನ ಮುಂದೆ ಒಂದು ದಿನವೂ ಬರಲಿಲ್ಲ. ಹತ್ತೂಮುಕ್ಕಾಲು, ಹನ್ನೊಂದು, ಒಮ್ಮೆ ಹನ್ನೆರಡು. ಕೇಳಿದರೆ ಕಾರಣವಿರುತ್ತಿತ್ತು. ನಿನ್ನೆಯ ಸಮಾರಂಭ ಮುಗಿಯುವ ತನಕ ಕೂತಿದ್ದಳು, ಬ್ಯಾಡಗಿಯ ಕೊನೆಯ ಬಸ್ಸು ತಪ್ಪಿ ಮೋಟೆಬೆನ್ನೂರಿನ ಹತ್ತಿರ ಇಳಿದು ಯಾರದೋ ಟೆಂಪೊ ಹಿಡಿದು ಮನೆ ಸೇರಿದಳು. ಅಥವಾ ಭಾಷಣ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಏನೋ ಹೇಳುತ್ತಿದ್ದಳು, ಕೇಳಿ ಬಂದಳು. ಅವಳು ತರುತ್ತಿದ್ದ ಬರಹವೆಲ್ಲ ಒಂದು ದಿನ ಹಳೆಯದು. ನಾನು ಕಾರ್ಡು ನೋಡಿ ಬರೆದ ಸುದ್ದಿ ಆಗಲೇ ಅಚ್ಚಾಗಿ, ಓದಿ, ಮಿರ್ಚಿ ಕಟ್ಟಲು ಹೋಗಿರುತ್ತಿತ್ತು.

ಒಮ್ಮೆ ಹಲಗೇರಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯ. ‘ಪ್ರೇಕ್ಷಕರನ್ನು ತುದಿಗಾಲಲ್ಲಿ ನಿಲ್ಲಿಸಿದ ರೋಚಕ ಪಂದ್ಯ’ ಎಂದು ಮೂರು ಗಂಟೆಗೇ ಬರೆದು ಕಳಿಸಿದೆ. ಮರುದಿನ ನಸೀಮಾ ಬಂದು ಮೇಜಿನ ಮುಂದೆ ನಿಂತಳು.

“ಸರ, ಹಲಗೇರ್ಯಾಗ ಕರೆಂಟ್ ಬರಲಿಲ್ಲ. ಪಂದ್ಯ ಆಗಲಿಲ್ಲ.”

“ಹೌದಾ? ಮತ್ತ ಯಾರಾದ್ರೂ ಬೈದ್ರೇನು?”

“ಇಲ್ರಿ. ಪೇಪರ್ ನೋಡಿ ಖುಷಿ ಆಗ್ಯಾರ. ಮುಂದಿನ ಗುರುವಾರ ಆಡ್ತಾರಂತ. ಆವಾಗೂ ಹಾಕ್ರಿ ಅಂತ ಹೇಳ್ಯಾರ.”

ಬಸಣ್ಣ ಮೇಜು ಬಡಿದು ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ. “ಹಂಗಾದ್ರ ನಾ ಯಾಕ ಹೋಗಬೇಕು ಸರ?” ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ. “ಕಲೀಲಿಕ್ಕೆ” ಎಂದೆ. ಹೊರಗೆ ಬಿಸಿಲು ತಗಡಿನ ಮೇಲೆ ಬಡಿಯುತ್ತಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಮೂರಕ್ಕೆ ಹತ್ತು ನಿಮಿಷವಿತ್ತು. ಮೊಳೆಯಿಂದ ಆ ದಿನದ ಕಾರ್ಡುಗಳನ್ನು ತೆಗೆದೆ.

ಮಾರ್ಚ್ ಕೊನೆಯ ದಿನದ ಕಾರ್ಡುಗಳಲ್ಲಿ ಒಂದು ಬೀಳ್ಕೊಡುಗೆಯದು. ಮೇಡ್ಲೇರಿ ದಾಟಿ ಹೊಳೆಯ ಕಡೆ ಹೋದರೆ ಸಿಗುವ ಒಂದು ಊರು. ಹೆಸರು ಬೇಡ, ಅಲ್ಲಿಯವರು ಇನ್ನೂ ಅಲ್ಲಿಯೇ ಇದ್ದಾರೆ. ಅಲ್ಲಿನ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕಿ ಸುಶೀಲಾಬಾಯಿ ಅಂದು ನಿವೃತ್ತರಾಗುವವರಿದ್ದರು. ನಾಲ್ಕು ಗಂಟೆಗೆ ಸಮಾರಂಭ. ನಸೀಮಾ ಹನ್ನೆರಡಕ್ಕೇ ಬಸ್ಸು ಹಿಡಿದು ಹೋದಳು. ನಾನು ಮೂರಕ್ಕೆ ಬರೆದೆ. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಓದದೆಯೇ ಹಾಳೆ ಮುಗಿಯಿತು: ‘ಸನ್ಮಾನ ಸ್ವೀಕರಿಸಿ ಮಾತನಾಡಿದ ಸುಶೀಲಾಬಾಯಿ ಅವರು, ಶಾಲೆಗೆ ಎಲ್ಲ ಮೂಲಸೌಲಭ್ಯ ಒದಗಿಸಿಕೊಟ್ಟ ಗ್ರಾಮದ ಹಿರಿಯರಿಗೆ ಕೃತಜ್ಞತೆ ಸಲ್ಲಿಸಿದರು.’ ನಿವೃತ್ತಿಯಾಗುವವರೆಲ್ಲ ಹೇಳುವ ಮಾತು. ನಾಲ್ಕೂವರೆಗೆ ಫ್ಯಾಕ್ಸ್ ಹೋಯಿತು.

ಆರಕ್ಕೆ ಹತ್ತು ನಿಮಿಷವಿರುವಾಗ ಫೋನು ಬಂತು. ಮೇಡ್ಲೇರಿಯ ಒಂದು ಅಂಗಡಿಯ ನಾಣ್ಯ ಹಾಕುವ ಫೋನಿನಿಂದ ನಸೀಮಾ. ಉಸಿರು ಹಿಡಿಯಲಾಗದೆ ಮಾತಾಡುತ್ತಿದ್ದಳು.

“ಸರ, ಅಕ್ಕೋರ ಸುದ್ದಿ ತಡೀರಿ. ಅವರು ಶಾಲು ಹೊದ್ದುಕೊಳ್ಳಲಿಲ್ಲ. ಹಾಜರಿ ಪುಸ್ತಕ ತಗೊಂಡು ಹನ್ನೊಂದು ಹುಡುಗ್ಯಾರ ಹೆಸರು ಕೂಗಿದ್ರು. ಎಲ್ಲಾರೂ ಸಾಲಿ ಬಿಟ್ಟವರು. ಸಾಲ್ಯಾಗ ಹುಡುಗ್ಯಾರಿಗೆ ಪಾಯಖಾನಿ ಇಲ್ಲಂತ, ಅದಕ್ಕ ಬಿಟ್ಟಾರ. ನಾಕು ವರ್ಷ ಅರ್ಜಿ ಕೊಟ್ಟಾರಂತ. ಯಾರೋ ಮೈಕ್ ಬಂದ್ ಮಾಡಿದ್ರು ಸರ, ಅವರು ಮೈಕ್ ಇಲ್ಲದ ಹೇಳಿದ್ರು. ಶಾಲು ಒಲ್ಲೆ, ಪಾಯಖಾನಿಗೆ ಒಂದು ಗ್ವಾಡಿ ಕಟ್ರಿ ಅಂದ್ರು.”

“ಸುದ್ದಿ ಹೋತು.”

“ಎಂಟರ ತನಕ ತಿದ್ದಬಹುದು ಅಂತ ನೀವಽ ಹೇಳಿದ್ರಿ ಸರ. ಹುಬ್ಬಳ್ಳಿಗೆ ಒಂದು ಫೋನ್—”

“ಒಂದು ಬೀಳ್ಕೊಡುಗೆ ಸುದ್ದಿಗೆ ಯಾರೂ ಫೋನ್ ಮಾಡೂದಿಲ್ಲವಾ. ನಾಳೆ ಬಾ, ನೋಡೋಣ. ಹತ್ತಕ್ಕೆ.”

ನಾಣ್ಯ ಮುಗಿದು ಫೋನು ತಾನೇ ಕಡಿದುಹೋಯಿತು. ಎರಡು ಗಂಟೆ ಹತ್ತು ನಿಮಿಷ ಸಮಯವಿತ್ತು. ಹುಬ್ಬಳ್ಳಿಗೆ ಒಂದು ಕರೆ ಮಾಡಲು ಎರಡು ನಿಮಿಷ ಸಾಕಿತ್ತು. ನಾಲ್ಕೂವರೆಗೆ ಕಳಿಸಿದ್ದನ್ನು ನಾನು ಯಾವತ್ತೂ ವಾಪಸು ಕೇಳಿದವನಲ್ಲ. ಅದರ ಹೊರತು ಬೇರೆ ಕಾರಣವಿರಲಿಲ್ಲ. ಆರಕ್ಕೆ ಬೀಗ ಹಾಕಿ ಮನೆಗೆ ಹೋದೆ.

ಒಂದು ವಾರದ ಮೇಲೆ ಸುಶೀಲಾಬಾಯಿಯವರೇ ಮೆಟ್ಟಿಲು ಹತ್ತಿ ಬಂದರು. ಇಳಕಲ್ ಸೀರೆ, ಹೆಗಲಿಗೆ ಬಟ್ಟೆಯ ಚೀಲ, ಮೊಣಕಾಲು ನೋವಿನ ನಡಿಗೆ. ನಸೀಮಾ ಕುರ್ಚಿ ಬಿಟ್ಟು ಎದ್ದಳು. ಅವರು ಕೂರಲಿಲ್ಲ. ಚೀಲದಿಂದ ಒಂದು ಝೆರಾಕ್ಸ್ ಪ್ರತಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಹಾವೇರಿಯ ಒಂದು ಸರಕಾರಿ ಕಚೇರಿಯಲ್ಲಿ ಅವರ ನಾಲ್ಕು ವರ್ಷದ ಅರ್ಜಿಗಳಿದ್ದ ಕಡತದ ಕೊನೆಯ ಪುಟ. ಅದರ ಮೇಲೆ ನಮ್ಮ ಪತ್ರಿಕೆಯ ತುಣುಕನ್ನು ಅಂಟಿಸಿದ್ದರು. ಕೆಳಗೆ ಗುಮಾಸ್ತರ ಕೈಬರಹ: ‘ಸೌಲಭ್ಯ ಒದಗಿಸಿರುವ ಬಗ್ಗೆ ಮುಖ್ಯಾಧ್ಯಾಪಕಿಯವರೇ ಸಂತೋಷ ವ್ಯಕ್ತಪಡಿಸಿದ್ದಾರೆ. ಕಡತ ಮುಕ್ತಾಯ.’

“ಇದನ್ನ ಬರದವರು ನೀವಽ ಏನ್ರಿ?” ಎಂದು ಕೇಳಿದರು.

“ಹೌದ್ರಿ.”

“ನಾ ಇಂಥಾ ಮಾತು ಯಾವಾಗ ಆಡಿದೆ?”

ನಾನು ಆ ತುಣುಕನ್ನು ಮತ್ತೊಮ್ಮೆ ಓದಿದೆ.

“ಮೂವತ್ನಾಕು ವರ್ಷ ಮಕ್ಕಳಿಗೆ ಉಕ್ತಲೇಖನ ಹೇಳೀನ್ರಿ. ನಾ ಹೇಳಲಾರದ್ದನ್ನ ಬರದ್ರ ತಪ್ಪು ಅಂತ ಹಾಕ್ತಿದ್ದೆ. ನಾ ಬಾಯಿ ತೆಗಿಯೂ ಮೊದಲಽ ಬರದ ಹುಡುಗನ್ನ ನೋಡಿರಲಿಲ್ಲ. ನೀವಽ ಮೊದಲಿನವರು.” ಧ್ವನಿ ಏರಲಿಲ್ಲ. ಅದು ಏರಿದ್ದರೆ ನನಗೆ ಹಗುರವಾಗುತ್ತಿತ್ತು. ನಸೀಮಾಳ ಕಡೆ ತಿರುಗಿ, “ನೀ ಅವತ್ತ ಹಿಂದಿನ ಸಾಲಿನ್ಯಾಗ ಕುಂತಿದ್ದಿ ಅಲ್ಲವಾ? ಕಡೀತನಕ ಇದ್ದಿ” ಎಂದರು. ಅವಳು ತಲೆಯಾಡಿಸಿದಳು. ಅವರು ಇಳಿದುಹೋದರು, ಪ್ರತಿ ಮೆಟ್ಟಿಲಿಗೂ ನಿಲ್ಲುತ್ತ ಇಳಿಯುವುದು ಕೇಳಿಸುತ್ತಿತ್ತು.

ಹುಬ್ಬಳ್ಳಿಗೆ ಫೋನು ಮಾಡಿ ತಿದ್ದುಪಡಿ ಹಾಕಬಹುದೇ ಎಂದು ಕೇಳಿದೆ. ಜಿಲ್ಲಾ ಪುಟ ನೋಡುತ್ತಿದ್ದವರು ನಕ್ಕರು. “ಬೀಳ್ಕೊಡುಗೆ ಸುದ್ದಿಗೆ ತಿದ್ದುಪಡೀನಾ? ನಾಳೆ ಎಲ್ಲಾ ಅಕ್ಕೋರು ಸಾಲು ಹಚ್ಚಿ ನಿಲ್ತಾರ ನೋಡ್ರಿ. ಬಿಡ್ರಿ ಅದನ್ನ.” ಬಿಟ್ಟೆ.

ನಸೀಮಾ ಬಿಡಲಿಲ್ಲ. ಮೂರು ದಿನ ಕಚೇರಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಮೂರು ಗೈರುಹಾಜರಿ ಹಾಕಿದೆ. ನಾಲ್ಕನೆಯ ದಿನ ಬಿಸಿಲಿಗೆ ಕಪ್ಪಾದ ಮುಖ ಹೊತ್ತು ಬಂದು ನಾಲ್ಕು ಹಾಳೆ ನನ್ನ ಮುಂದಿಟ್ಟಳು. ಸುಶೀಲಾಬಾಯಿ ಕೂಗಿದ ಹನ್ನೊಂದು ಹೆಸರುಗಳ ಪೈಕಿ ಒಂಬತ್ತು ಹುಡುಗಿಯರ ಮನೆಗೆ ಹೋಗಿದ್ದಳು. ಒಬ್ಬಳು ಹೈಬ್ರಿಡ್ ಬೀಜಕ್ಕಾಗಿ ಹತ್ತಿ ಹೂವಿಗೆ ಹೂವು ತಾಗಿಸುವ ಹೊಲದ ಕೆಲಸಕ್ಕೆ ಹೋಗುತ್ತಿದ್ದಳು. ಒಬ್ಬಳು ತಂಗಿಗೆ ಮನೆಯಲ್ಲೇ ಮಗ್ಗಿ ಹೇಳಿಕೊಡುತ್ತಿದ್ದಳು. ಮಧ್ಯಾಹ್ನ ಬಿಟ್ಟಾಗ ಪಾಯಖಾನೆಗೆಂದು ಮನೆಗೆ ಬಂದವರು ಮತ್ತೆ ಶಾಲೆಗೆ ಹೋಗಲಿಲ್ಲ, ಆಮೇಲೆ ಮನೆಯವರೂ ಕಳಿಸಲಿಲ್ಲ. ಎಲ್ಲರ ಕತೆಯೂ ಹೀಗೆಯೇ. ಒಂದು ಉಪಮೆ ಇಲ್ಲ, ಒಂದು ಉದ್ಗಾರವಿಲ್ಲ. ಯಾರು ಏನು ಹೇಳಿದರೋ ಅಷ್ಟೇ. ಇಪ್ಪತ್ತೆಂಟು ವರ್ಷದಲ್ಲಿ ನಾನು ಅಂಥದೊಂದನ್ನು ಬರೆದಿರಲಿಲ್ಲವೆಂಬುದು ಓದುತ್ತಲೇ ತಿಳಿಯಿತು. ತಿಳಿದು ಸಂತೋಷವಾಗಲಿಲ್ಲ. ದಣಿವಾಯಿತು.

ಮೂರನೆಯ ಹಾಳೆಯಲ್ಲಿ ಆ ಪ್ಯಾರಾ ಇತ್ತು. ‘ಎಲ್ಲ ಸೌಲಭ್ಯ ಇದೆ ಎಂದು ಸುಶೀಲಾಬಾಯಿ ಹೇಳಿದ್ದಾಗಿ ಇದೇ ಪತ್ರಿಕೆಯಲ್ಲಿ ಪ್ರಕಟವಾದ ಸುದ್ದಿ ನಿಜವಲ್ಲ. ಅವರು ಹಾಗೆ ಹೇಳಿಲ್ಲ. ಆ ಸುದ್ದಿಯನ್ನು ಆಧರಿಸಿ ಅವರ ಅರ್ಜಿಯನ್ನು ಮುಕ್ತಾಯ ಮಾಡಲಾಗಿದೆ.’

ಕೆಂಪು ಪೆನ್ನು ತೆಗೆದು ಅದರ ಮೇಲೆ ಗೆರೆ ಎಳೆದೆ. ಉಳಿದದ್ದನ್ನು ನಾಲ್ಕೂವರೆಗೆ ಕಳಿಸಿದೆ. ಎರಡು ದಿನ ಬಿಟ್ಟು ಒಳಪುಟದಲ್ಲಿ ಬಂತು, ಅವಳ ಹೆಸರಿನ ಸಮೇತ. ಅವಳು ನಿಂತುಕೊಂಡೇ ಓದಿದಳು.

“ನಡುವಿಂದು ಇಲ್ಲಲ್ರಿ ಸರ?”

“ಜಾಗ ಇರಲಿಲ್ಲ.”

ಅವಳು ಪುಟದ ಕೆಳಗೆ ನೋಡಿದಳು. ಅಲ್ಲಿ ಅಂಗೈಯಗಲದ ಜಾಗದಲ್ಲಿ ನಮ್ಮದೇ ಪತ್ರಿಕೆಯ ಚಂದಾದಾರರಾಗಿರಿ ಎಂಬ ಜಾಹೀರಾತಿತ್ತು. ಪತ್ರಿಕೆ ಮಡಚಿ ಇಟ್ಟಳು.

ಆ ಗೆರೆ ಎಂಥ ಕೆಲಸ ಮಾಡಿತೆಂಬುದು ಮುಂದಿನ ವಾರ ಗೊತ್ತಾಯಿತು. ಸುಶೀಲಾಬಾಯಿ ಹೊಸ ತುಣುಕು ಹಿಡಿದು ಆ ಕಚೇರಿಗೆ ಹೋಗಿದ್ದರು. ಗುಮಾಸ್ತರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರಂತೆ. ಒಂದರಲ್ಲಿ ಎಲ್ಲ ಇದೆ, ಇನ್ನೊಂದರಲ್ಲಿ ಇಲ್ಲ. “ಪೇಪರ್ ಒಂದಽ, ಅಕ್ಕೋರು ನೀವೂ ಒಬ್ಬರಽ. ನಾವು ಯಾವುದನ್ನ ನಂಬೂದ್ರಿ? ಮೊದಲನೇದು ಸುಳ್ಳು ಅಂತ ಬರದವರಿಂದ ಬರಿಸಿಕೊಂಡು ಬರ್ರಿ, ಕಡತ ತೆಗೀತೇವಿ” ಎಂದರಂತೆ. ಇದನ್ನು ನಸೀಮಾ ಬಂದು ಹೇಳಿದಳು.

“ಒಂದು ಪತ್ರ ಕೊಡ್ರಿ ಸರ. ನಾಕು ಸಾಲು.”

“ನೋಡೋಣ” ಎಂದೆ.

ಪತ್ರಿಕೆಯ ಹೆಸರಿರುವ ಹಾಳೆಯ ಮೇಲೆ, ನಾನು ಹೋಗದ ಸಮಾರಂಭದ ಸುದ್ದಿ ಬರೆದೆ ಎಂದು ಸಹಿ ಮಾಡಿ ಸರಕಾರಿ ಕಚೇರಿಗೆ ಕೊಡುವುದೆಂದರೆ ಏನೆಂದು ಬಸಣ್ಣನಿಗೂ ಗೊತ್ತಿತ್ತು. “ಸರ, ಹಂಗೇನರ ಬರದು ಕೊಟ್ರ ನಾಳಿಂದ ನಿಮ್ಮ ಮನಿ ಮುಂದ ಕ್ಯೂ ಹಚ್ಚತಾರ. ಹಲಗೇರಿ ಕಬಡ್ಡಿಯವರು ಮೊದಲು” ಎಂದ. ಈ ಸಲ ಅವನೊಬ್ಬನೇ ನಕ್ಕ. ನೋಡೋಣ ಎನ್ನುತ್ತ ಹತ್ತು ದಿನ ಕಳೆದೆ. ಹತ್ತಕ್ಕೆ ಬಾಗಿಲು, ಹನ್ನೊಂದಕ್ಕೆ ಟಪಾಲು, ಮೂರಕ್ಕೆ ಬರಹ. ಕೆಲಸ ನಡೆದೇ ಇತ್ತು. ಆದರೆ ಸುಸ್ತು ಬೆಳಿಗ್ಗೆ ಏಳುವಾಗಲೇ ಶುರುವಾಗುತ್ತಿತ್ತು. ತಪ್ಪನ್ನು ಬಿಸಿಲಿನ ಮೇಲೆ ಹಾಕಿದೆ. ಆ ವರ್ಷ ಬಿಸಿಲೂ ಹಾಗೆಯೇ ಇತ್ತು.

ಮುಂದೆ ಏನಾಯಿತೆಂಬುದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಆ ಶಾಲೆಗೆ ಪಾಯಖಾನೆ ಬಂತು, ಮರುವರ್ಷದ ಮಳೆಗಾಲ ಕಳೆದ ಮೇಲೆ. ಅದಕ್ಕೆ ಬಾಗಿಲು ಬರಲು ಇನ್ನೊಂದು ವರ್ಷ ಹಿಡಿಯಿತು. ಹನ್ನೊಂದು ಹುಡುಗಿಯರಲ್ಲಿ ಇಬ್ಬರು ವಾಪಸು ಶಾಲೆಗೆ ಹೋದರು. ನನ್ನನ್ನು ಜೂನ್ ತಿಂಗಳಲ್ಲಿ ಹಾವೇರಿಯಿಂದ ತೆಗೆದು ಹುಬ್ಬಳ್ಳಿಯ ಮೇಜಿಗೆ ಹಾಕಿದರು. ನಿವೃತ್ತಿಯ ತನಕ ಅಲ್ಲಿ ಕೂತು ಮೂರು ಜಿಲ್ಲೆಯ ಸಮಾರಂಭದ ಸುದ್ದಿಗಳನ್ನು ತಿದ್ದಿದೆ. ಯಾವುದು ಹೋಗಿ ಬರೆದದ್ದು, ಯಾವುದು ಕಾರ್ಡು ನೋಡಿ ಬರೆದದ್ದು ಎಂದು ಎರಡನೆಯ ಸಾಲಿಗೇ ತಿಳಿಯುತ್ತಿತ್ತು. ಮೊದಮೊದಲು ವಾಪಸು ಕಳಿಸುತ್ತಿದ್ದೆ. ಪುಟ ಖಾಲಿ ಉಳಿಯುತ್ತಿತ್ತು, ಬೈಗುಳ ಬರುತ್ತಿತ್ತು. ಆಮೇಲೆ ವ್ಯಾಕರಣ ತಿದ್ದಿ ಅಚ್ಚಿಗೆ ಬಿಡತೊಡಗಿದೆ. ನಾನು ಬದಲಾದೆ ಎಂದು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ.

ಏಪ್ರಿಲ್ ಕೊನೆಯ ದಿನ ಮಾಬುಸಾಬರು ಹತ್ತಕ್ಕೆ ಸರಿಯಾಗಿ ಬಂದರು. ನಸೀಮಾ ಅವರಿಗಿಂತ ಐದು ನಿಮಿಷ ತಡವಾಗಿ ಬಂದಳು. ಅವಳ ಹತ್ತಿರ ಒಂದು ದೊಡ್ಡ ಚೀಲವಿತ್ತು. ಸೋಮವಾರದಿಂದ ಧಾರವಾಡದ ಒಂದು ಮಾಸಪತ್ರಿಕೆಯಲ್ಲಿ ಮೂರನೆಯ ತರಬೇತಿಗೆ ಅವಳು ಬರೆದುಕೊಂಡಿದ್ದಳು. ಹಳ್ಳಿಗಳಿಗೆ ಹೋಗಿ ನಿಧಾನವಾಗಿ ಬರೆಯುವವರನ್ನು ಹುಡುಕುತ್ತಿದ್ದರಂತೆ, ನಮ್ಮ ಪತ್ರಿಕೆಯಲ್ಲಿ ಬಂದ ಅವಳ ಬರಹ ಓದಿ ‘ಬಾ’ ಎಂದಿದ್ದರು. ತಂದೆ ಒಪ್ಪಿದರೆ ಅಲ್ಲಿಗೆ, ಇಲ್ಲದಿದ್ದರೆ ವಾಪಸು ಬ್ಯಾಡಗಿಗೆ, ಅಲ್ಲಿಂದ ರಾಣೇಬೆನ್ನೂರಿನ ಶಾಲೆಗೆ. ಚೀಲ ಯಾವ ಬಸ್ಸಿಗೆ ಏರುವುದೆಂಬುದು ಅವಳಿಗೂ ಗೊತ್ತಿರಲಿಲ್ಲ.

“ಸರ, ಅಕ್ಕೋರು ಕೆಳಗ ಝೆರಾಕ್ಸ್ ಅಂಗಡ್ಯಾಗ ಕುಂತಾರ” ಎಂದಳು. “ಮ್ಯಾಲ ಬರಾಕ ಮೊಣಕಾಲು ಒಲ್ಲೆ ಅಂತಾವಂತ.”

ನಾನು ಅವಳ ವಿಭಾಗಕ್ಕೆ ಕಳಿಸಬೇಕಾದ ನಮೂನೆ ಭರ್ತಿ ಮಾಡಿಟ್ಟಿದ್ದೆ. ಮಾಬುಸಾಬರು ಅದನ್ನು ಓದಿ ಹೇಳಿರೆಂದರು. ಓದಿದೆ: “ಸಮಯಪಾಲನೆ, ಸಾಲದು. ಶಿಸ್ತು, ಸಾಧಾರಣ. ಬರವಣಿಗೆ, ಉತ್ತಮ. ಇತರ ಅಭಿಪ್ರಾಯ: ಹೋದ ಕಡೆ ಸಮಾರಂಭ ಮುಗಿಯುವ ತನಕ ಇರುತ್ತಾಳೆ.”

“ಕಡೀದು ಚಲೋದೇನ್ರಿ, ಕೆಟ್ಟದ್ದೇನ್ರಿ?”

“ನಮ್ಮ ಆಫೀಸಿಗೆ ಕೆಟ್ಟದ್ದು.”

“ನಾ ನಿಮ್ಮ ಆಫೀಸಿನ ಮಾತು ಕೇಳಲಿಲ್ಲ ಸಾಹೇಬ್ರ. ಇಕಿ ಮಾತು ಕೇಳಿದೆ. ಆಗ್ತೈತೋ ಇಲ್ಲೋ?”

ಆಗುತ್ತದೆ ಎಂದು ಬಾಯಲ್ಲಿ ಹೇಳಬಹುದಿತ್ತು. ಆದರೆ ಅವರು ಎರಡು ತಿಂಗಳು ನಂಬಿ ಕಾದದ್ದು ನನ್ನ ಮಾತಿಗಾಗಿ, ಮತ್ತು ನನ್ನ ಮಾತು ಎಂಥದೆಂದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿರಲಿಲ್ಲ. ಖಾನೆ ಎಳೆದು ಪತ್ರಿಕೆಯ ಹೆಸರಿರುವ ಒಂದು ಹಾಳೆ ತೆಗೆದೆ. ನಾಲ್ಕು ಸಾಲು ಬರೆದೆ. ಸಹಿ ಹಾಕಿದೆ, ತಾರೀಕು ಹಾಕಿದೆ, ಮೊಹರು ಒತ್ತಿದೆ. ನಸೀಮಾಳಿಗೆ ಕೊಡುವ ಮೊದಲು ಅವರ ಮುಂದಿಟ್ಟೆ.

“ಇದನ್ನ ಓದ್ರಿ. ಆಮ್ಯಾಲ ನೀವಽ ಹೇಳ್ರಿ.”

ಮಾಬುಸಾಬರು ಕನ್ನಡಕ ಹಾಕಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ‘ಮಾರ್ಚ್ ಮೂವತ್ತೊಂದರ ಬೀಳ್ಕೊಡುಗೆ ಸಮಾರಂಭಕ್ಕೆ ನಾನು ಹೋಗಿರಲಿಲ್ಲ. ಶ್ರೀಮತಿ ಸುಶೀಲಾಬಾಯಿಯವರು ಹೇಳಿದ್ದಾಗಿ ನಾನು ಬರೆದ ಮಾತನ್ನು ಅವರು ಹೇಳಿಲ್ಲ. ನಮ್ಮಲ್ಲಿ ತರಬೇತಿಗೆ ಬಂದಿದ್ದ ಕುಮಾರಿ ನಸೀಮಾ ಹಾಜರಿದ್ದರು. ಅವರು ಬರೆದದ್ದು ನಿಜ.’

ಎರಡು ಸಲ ಓದಿದರು. ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು.

“ಇಷ್ಟ ಏನ್ರಿ?”

“ಇಷ್ಟ.”

“ಇಷ್ಟು ಬರ್ಯಾಕ ಒಂದು ತಿಂಗಳು ಬೇಕಾತೇನ್ರಿ ಸಾಹೇಬ್ರ?”

ಮಾತಿನಲ್ಲಿ ಕೊಂಕು ಇರಲಿಲ್ಲ. ಒಂದು ಚೀಲ ಹೊಲಿಯಲು ಎಷ್ಟು ಹೊತ್ತೆಂದು ಗೊತ್ತಿರುವ ಮನುಷ್ಯನ ಪ್ರಶ್ನೆ. ಬೇಕಾಯಿತು, ಎಂದೆ. ನಸೀಮಾ ಪತ್ರ ತೆಗೆದುಕೊಂಡು ಮೆಟ್ಟಿಲು ಇಳಿದಳು. ಕೆಳಗೆ ಸುಶೀಲಾಬಾಯಿಯವರ ದನಿ ಒಂದು ಕ್ಷಣ ಕೇಳಿಸಿತು, ಆಮೇಲೆ ಝೆರಾಕ್ಸ್ ಯಂತ್ರದ ಸದ್ದು.

ಮಾಬುಸಾಬರು ಎದ್ದರು. ಮಗಳ ಚೀಲವನ್ನು ಎತ್ತಿ, ಭಾರ ನೋಡಿ, ಹಿಡಿಕೆಯ ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಪರೀಕ್ಷಿಸಿ ಹೆಗಲಿಗೆ ಹಾಕಿಕೊಂಡರು. ಬಾಗಿಲಿನಲ್ಲಿ ನಿಂತು ಕೆಳಗೆ ಬಗ್ಗಿ ಕೂಗಿದರು.

“ಬೇಟಿ, ಲಗೂ ಮಾಡು. ಧಾರವಾಡದ ಬಸ್ಸಿಗೆ ಹೊತ್ತಾತು.”